ಮಾನಿಟರ್ ಬೆಳಿಗ್ಗೆ 230 ಅನ್ನುತ್ತದೆ, ಮಧ್ಯಾಹ್ನ 70. ಯಾವುದನ್ನು ನಂಬಲಿ?

ಪ್ರಶ್ನೆ: ನಮ್ಮ ಮನೆಗೆ ಅರ್ಧ ಮಣ್ಣೊಳಗೆ ಇಳಿದಂತಿರುವ ಒಂದು ನೆಲಮಾಳಿಗೆ ಇದೆ. ಅಲ್ಲಿನ ಒಂದು ಕೋಣೆಯಲ್ಲಿ ಒಂಬತ್ತು ವರ್ಷದ ಮಗ ಮಲಗುತ್ತಾನೆ. ಪಕ್ಕದ ಕೋಣೆ ನಮ್ಮ ಯಜಮಾನರ ಆಫೀಸು, ದಿನವಿಡೀ ಅಲ್ಲೇ ಕೂತು ಕೆಲಸ ಮಾಡುತ್ತಾರೆ. ನೆಲದಿಂದ ಮನೆಯೊಳಗೆ ಬರುವ ವಿಕಿರಣಶೀಲ ಅನಿಲ ರೇಡಾನ್ ಬಗ್ಗೆ ಓದಿ ಹೆದರಿ, ಅದನ್ನು ಅಳೆಯುವ ಒಂದು ಸಣ್ಣ ಡಿಜಿಟಲ್ ಮಾನಿಟರ್ ತಂದು ಮಗನ ಕೋಣೆಯ ಕಿಟಕಿ ಕಟ್ಟೆ ಮೇಲೆ ಇಟ್ಟೆ. ಬೆಳಿಗ್ಗೆ 230 ಬೆಕ್ವೆರೆಲ್ ತೋರಿಸಿತು. ಮಧ್ಯಾಹ್ನ 70ಕ್ಕೆ ಇಳಿಯಿತು. ಒಂಬತ್ತು ದಿನದ ಸರಾಸರಿ 140. ಪಕ್ಕದ ಮನೆಯವರು ಅದೇ ಮಾನಿಟರ್ ತೆಗೆದುಕೊಂಡು ಹೋಗಿ ನೋಡಿದರೆ ಅವರಲ್ಲಿ ಬರೀ 40! ಹೀಗೇಕೆ? ಅಡುಗೆಮನೆಯ ಗ್ರಾನೈಟ್ ಕಟ್ಟೆಯಿಂದ ಬರುತ್ತಿದೆಯಾ? ಭಾರದ ಗಾಳಿ, ನೆಲದಲ್ಲೇ ಕೂರುತ್ತದೆ, ಮಂಚ ಎತ್ತರ ಮಾಡಿ ಅಂತ ಒಬ್ಬರು ಹೇಳಿದರು. ಏರ್ ಪ್ಯೂರಿಫೈಯರ್ ಹಾಕಿ ಅಂತ ಇನ್ನೊಬ್ಬರು. ಮಗನಿಗೆ ಬೆಳಿಗ್ಗೆ ಆಗಾಗ ತಲೆನೋವು ಬರುತ್ತದೆ, ಅದೂ ಇದರಿಂದಲೇ ಇರಬಹುದಾ? ಮನೆಯವರು ಸಿಗರೇಟ್ ಸೇದುತ್ತಾರೆ, ಆದರೆ ಹೊರಗೆ ಹೋಗಿ ಸೇದುತ್ತಾರೆ. ಮನೆ ಬದಲಿಸಬೇಕಾ?

ಉತ್ತರ:

ನಿಮ್ಮ ಪ್ರಶ್ನೆಗಳು ಬೇಕಾದಷ್ಟಿವೆ, ಆದರೆ ಅಡಿಯಲ್ಲಿರುವ ಚಿಂತೆ ಒಂದೇ: ಗೊತ್ತಿಲ್ಲದೆ ಮಗನನ್ನು ಕೆಟ್ಟ ಗಾಳಿಯಲ್ಲಿ ಮಲಗಿಸಿಬಿಟ್ಟೆನಾ ಅಂತ. ಮೊದಲೇ ಹೇಳಿಬಿಡುತ್ತೇನೆ. ನೀವು ಕೊಟ್ಟ ಅಂಕಿ ನೋಡಿದರೆ ಇದು ಗಾಬರಿ ಬಿದ್ದು ಖಾಲಿ ಮಾಡುವ ಮನೆ ಅಲ್ಲ. ನೋಡಿಯೂ ನೋಡದ ಹಾಗೆ ಬಿಟ್ಟುಬಿಡುವ ಮನೆಯೂ ಅಲ್ಲ. ಸರಿಯಾಗಿ ಅಳೆಯಬೇಕಾದ ಮನೆ. ಒಂಬತ್ತು ದಿನದ ಲೆಕ್ಕ, ಅದೂ ಕಿಟಕಿ ಕಟ್ಟೆ ಮೇಲೆ ಇಟ್ಟು ತೆಗೆದದ್ದು, ಅಳತೆಯ ಆರಂಭ ಅಷ್ಟೆ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು 230 ಅಲ್ಲ. ಅದು ಯಾವುದು ಅಂತ ಆಮೇಲೆ ಹೇಳುತ್ತೇನೆ.

ಮೊದಲು ಈ ಗಾಳಿ ಎಲ್ಲಿಂದ ಬರುತ್ತದೆ ನೋಡೋಣ. ಮಣ್ಣು, ಬಂಡೆ ಎಲ್ಲದರಲ್ಲೂ ಅಷ್ಟೋ ಇಷ್ಟೋ ಯುರೇನಿಯಂ ಇದ್ದೇ ಇರುತ್ತದೆ. ಅದು ಬಹಳ ನಿಧಾನವಾಗಿ ಒಡೆಯುತ್ತಾ ಹೋಗಿ ರೇಡಿಯಂ ಆಗುತ್ತದೆ. ರೇಡಿಯಂ ಒಡೆದರೆ ರೇಡಾನ್. ಈ ಸರಣಿಯಲ್ಲಿ ಅದರ ಹಿಂದಿನದ್ದೂ ಮುಂದಿನದ್ದೂ ಎಲ್ಲ ಗಟ್ಟಿ ಪದಾರ್ಥ. ರೇಡಾನ್ ಒಂದೇ ಅನಿಲ. ಹಾಗಾಗಿ ಕಲ್ಲಲ್ಲೇ ಕೂತಿರದೆ ಮಣ್ಣಿನ ಸಂದುಗಳಲ್ಲಿ ನುಸುಳಿಕೊಂಡು ಮೇಲೆ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಅರ್ಧಾಯುಷ್ಯ 3.8 ದಿನ, ಅಂದರೆ ಇವತ್ತು ಇದ್ದದ್ದರಲ್ಲಿ ಅರ್ಧ ನಾಲ್ಕು ದಿನದೊಳಗೆ ಒಡೆದಿರುತ್ತದೆ. ಮಣ್ಣಿನಿಂದ ಮನೆಯೊಳಗೆ ಬರಲು ಅಷ್ಟು ಸಮಯ ಧಾರಾಳ ಸಾಕು.

ಬಯಲಿಗೆ ಬಂದರೆ ಚದುರಿಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಸಾಮಾನ್ಯವಾಗಿ ಘನ ಮೀಟರಿಗೆ 10 ಬೆಕ್ವೆರೆಲ್ ಆಸುಪಾಸು ಇರುತ್ತದೆ. ಮಣ್ಣೊಳಗಿನ ಗಾಳಿಯಲ್ಲಾದರೆ ಸಾವಿರಗಟ್ಟಲೆ. ನಿಮ್ಮ ಮನೆ ಇವೆರಡರ ನಡುವೆ ಕೂತಿದೆ. ಯಾವ ಕಡೆಯ ಗಾಳಿಯನ್ನು ಎಷ್ಟು ಎಳೆದುಕೊಳ್ಳುತ್ತದೆ ಅನ್ನುವುದರ ಮೇಲೆ ನಿಮ್ಮ ಮಾನಿಟರಿನ ಅಂಕಿ ನಿಂತಿದೆ.

ಎಳೆದುಕೊಳ್ಳುತ್ತದೆ ಅಂದದ್ದು ಮಾತಿನ ಅಲಂಕಾರಕ್ಕಲ್ಲ. ಒಳಗಿನ ಗಾಳಿ ಹೊರಗಿನದಕ್ಕಿಂತ ಬೆಚ್ಚಗಿದ್ದರೆ ಅದು ಮೇಲೇರಿ ಮಹಡಿಯ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದ ಗಾಳಿಯ ಜಾಗ ತುಂಬಬೇಕಲ್ವಾ? ಕೆಳಗಿನಿಂದ ಎಳೆಯುತ್ತದೆ. ನೆಲದ ಬಿರುಕು, ಗೋಡೆ ಮತ್ತು ನೆಲ ಸೇರುವ ಅಂಚು, ಪೈಪು ಒಳಬರುವ ತೂತು, ಒಸರು ನೀರು ಸೇರುವ ಗುಂಡಿ, ಎಲ್ಲವೂ ಆಗ ಬಾಯಿ. ಒತ್ತಡದ ವ್ಯತ್ಯಾಸ ಕೆಲವೇ ಪ್ಯಾಸ್ಕಲ್, ಕೈಗೆ ಗೊತ್ತಾಗುವಷ್ಟಲ್ಲ. ಆದರೆ ಹೊಗೆಗೆ ಗೊತ್ತಾಗುತ್ತದೆ. ತಪಾಸಣೆಗೆ ಹೋದಾಗ ನನ್ನ ಚೀಲದಲ್ಲಿ ಹೊಗೆ ಬಿಡುವ ಒಂದು ಪುಟ್ಟ ಕೊಳವೆ ಇರುತ್ತದೆ. ಒಮ್ಮೆ ಒಂದು ಮನೆಯ ನೆಲಮಾಳಿಗೆಯಲ್ಲಿ ಕಪಾಟು ಸರಿಸಿ, ನೆಲದಲ್ಲಿದ್ದ ಕೂದಲೆಳೆಯಷ್ಟು ಸಣ್ಣ ಬಿರುಕಿನ ಹತ್ತಿರ ಅದನ್ನು ಹಿಡಿದೆ. ಹೊಗೆ ನೇರ ನಿಲ್ಲಲಿಲ್ಲ. ಯಾರೋ ಕೆಳಗಿನಿಂದ ಮೆಲ್ಲಗೆ ಊದಿದ ಹಾಗೆ ಬಿರುಕಿನಿಂದ ಆಚೆಗೆ ಬಾಗಿತು. ಮನೆಯಾಕೆ ಬಗ್ಗಿ ನೋಡುತ್ತಾ, 'ಇದೇನು, ನೆಲ ಉಸಿರಾಡುತ್ತಿದೆಯಲ್ಲ' ಅಂದರು. ಅಷ್ಟೇ ವಿಷಯ.

ನಿಮ್ಮ 230 ಮತ್ತು 70ರ ಗುಟ್ಟೂ ಅಲ್ಲೇ ಇದೆ. ರಾತ್ರಿ ಹೊರಗೆ ತಂಪು, ಒಳಗೆ ಬೆಚ್ಚಗೆ, ಬಾಗಿಲು ಕಿಟಕಿ ಮುಚ್ಚಿರುತ್ತದೆ. ಎಳೆತ ಜಾಸ್ತಿ, ಹೊರಹೋಗುವ ದಾರಿ ಕಡಿಮೆ. ಬೆಳಗಿನ ಹೊತ್ತಿಗೆ ಅಂಕಿ ಏರಿರುತ್ತದೆ. ಮಧ್ಯಾಹ್ನ ಬಾಗಿಲು ತೆರೆದು ಓಡಾಡುತ್ತೀರಿ, ಇಳಿಯುತ್ತದೆ. ಚಳಿಗಾಲದಲ್ಲಿ ಸಾಮಾನ್ಯವಾಗಿ ಜಾಸ್ತಿ. ಜೋರು ಮಳೆ ಬಂದು ಸುತ್ತಲಿನ ಮಣ್ಣು ನೆನೆದರೂ ಜಾಸ್ತಿಯಾಗಬಹುದು, ಏಕೆಂದರೆ ಹೊರಗಿನ ನೆಲದ ಸಂದುಗಳು ನೀರಿನಿಂದ ಮುಚ್ಚಿ, ಒಣಗಿ ಉಳಿದದ್ದು ಮನೆಯಡಿಯ ಮಣ್ಣು ಮಾತ್ರ. ವಾಯುಭಾರ ಕುಸಿದರೂ ಹಾಗೆಯೇ.

ಇದರ ಜೊತೆಗೆ ಯಂತ್ರದ ಮಿತಿಯೂ ಇದೆ. ಒಂದು ಬೆಕ್ವೆರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. 230 ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸೆಕೆಂಡಿಗೆ 230 ಒಡೆಯುತ್ತವೆ. ಆದರೆ ನಿಮ್ಮ ಮಾನಿಟರಿನ ಹೊಟ್ಟೆಯಲ್ಲಿ ಹಿಡಿಯುವ ಗಾಳಿ ಒಂದು ಲೋಟದಷ್ಟೂ ಇರಲಿಕ್ಕಿಲ್ಲ. ತುಂತುರು ಮಳೆಯಲ್ಲಿ ಅಂಗೈ ಚಾಚಿ ನಿಂತು, ಬಿದ್ದ ಹನಿ ಎಣಿಸಿ ಊರಿಗೆಲ್ಲ ಎಷ್ಟು ಮಳೆ ಅಂತ ಹೇಳಿದ ಹಾಗೆ ಅದರ ಕೆಲಸ. ಒಂದು ನಿಮಿಷಕ್ಕೆ ಹೇಳಿದರೆ ತಪ್ಪುತ್ತದೆ. ಗಂಟೆಗಟ್ಟಲೆ ನಿಂತರೆ ಲೆಕ್ಕ ಕೂಡಿಬರುತ್ತದೆ. ಹಾಗಾಗಿ ಪರದೆ ಮೇಲಿನ ಗಂಟೆಗಂಟೆಯ ಅಂಕಿಯನ್ನು ಜ್ವರ ನೋಡಿದ ಹಾಗೆ ನೋಡಬೇಡಿ. ಅಂಥ ಮಾನಿಟರಿನಲ್ಲಿ ಕನಿಷ್ಠ ಒಂದು ತಿಂಗಳ ಸರಾಸರಿ ಬಂದ ಮೇಲೆ ಮಾತಾಡೋಣ.

ಇನ್ನು ನಿಮ್ಮ ಕಿವಿಗೆ ಬಿದ್ದ ಮಾತುಗಳು

ಭಾರದ ಗಾಳಿ, ನೆಲದಲ್ಲೇ ಕೂರುತ್ತದೆ ಅನ್ನುವ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಇಷ್ಟು ಚೆನ್ನಾಗಿ ಓಡುತ್ತದೆ. ರೇಡಾನ್ ಗಾಳಿಗಿಂತ ಸುಮಾರು ಎಂಟು ಪಟ್ಟು ಭಾರ, ಸರಿ. ಆದರೆ ಎಷ್ಟಿದೆ ಅಂತ ನೋಡಬೇಕಲ್ಲ. 230 ಬೆಕ್ವೆರೆಲ್ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ರೇಡಾನ್ ಪರಮಾಣುಗಳು ಸುಮಾರು 11 ಕೋಟಿ. ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಅದೇ ಗಾಳಿಯಲ್ಲಿ ಉಳಿದ ಅಣುಗಳನ್ನು ಬರೆಯಲು 25ರ ಮುಂದೆ ಇಪ್ಪತ್ತನಾಲ್ಕು ಸೊನ್ನೆ ಹಾಕಬೇಕು. ಆ ಸಂತೆಯಲ್ಲಿ ರೇಡಾನ್ ತನ್ನ ಭಾರಕ್ಕೆ ತಾನು ಕೆಳಗೆ ಕೂರುವ ಮಾತೇ ಇಲ್ಲ. ಕೋಣೆಯ ಗಾಳಿಯ ಜೊತೆ ಬೆರೆತು ಎಲ್ಲ ಕಡೆ ಸುತ್ತುತ್ತದೆ. ಕೆಳ ಅಂತಸ್ತಿನಲ್ಲಿ ಜಾಸ್ತಿ ಇರುವುದು ಅದು ಒಳಬರುವ ದಾರಿ ಅಲ್ಲಿದೆ ಅಂತ, ತೂಕ ಜಾಸ್ತಿ ಅಂತ ಅಲ್ಲ. ಮಂಚ ಎತ್ತರ ಮಾಡಿದರೆ ಮಂಚದಡಿ ಗುಡಿಸಲು ಅನುಕೂಲ, ಅಷ್ಟೆ.

ಗ್ರಾನೈಟ್ ವಿಷಯ. ಗ್ರಾನೈಟಿನಲ್ಲಿ ಯುರೇನಿಯಂ ಇರುತ್ತದೆ, ಚೂರು ರೇಡಾನ್ ಹೊರಬರುತ್ತದೆ, ನಿಜ. ಆದರೆ ಎರಡು ಬೆರಳು ದಪ್ಪದ ಒಂದು ಹಾಸುಗಲ್ಲು ಎಲ್ಲಿ, ಮನೆಯಡಿ ಮೀಟರುಗಟ್ಟಲೆ ಇರುವ ಮಣ್ಣು ಎಲ್ಲಿ? ಗಾಳಿಯಾಡುವ ಅಡುಗೆಮನೆಯಲ್ಲಿ ಆ ಕಟ್ಟೆಯ ಪಾಲು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಡದ ಸಾಮಗ್ರಿಯೇ ತೊಂದರೆ ಕೊಟ್ಟದ್ದೂ ಉಂಟು: ಸ್ವೀಡನ್ನಿನಲ್ಲಿ 1929ರಿಂದ 1975ರವರೆಗೆ ಯುರೇನಿಯಂ ಹೆಚ್ಚಿರುವ ಒಂದು ಬಗೆಯ ಶೇಲ್ ಕಲ್ಲಿನಿಂದ ಹಗುರ ಕಾಂಕ್ರೀಟ್ ಮಾಡುತ್ತಿದ್ದರು. ನೀಲಿ ಕಾಂಕ್ರೀಟ್ ಅಂತಲೇ ಅದರ ಹೆಸರು. ಅದು ಇಡೀ ಗೋಡೆಯ ಕಥೆ, ನಿಮ್ಮದು ಅಡುಗೆ ಕಟ್ಟೆ.

ಪಕ್ಕದ ಮನೆಯ 40 ನಿಮಗೆ ಏನೂ ಹೇಳುವುದಿಲ್ಲ. ಅವರ ನೆಲದಲ್ಲಿ ಬಿರುಕು ಇಲ್ಲದಿರಬಹುದು. ಅವರು ಅಳೆದ ವಾರ ಗಾಳಿ ಬೀಸಿರಬಹುದು. ಅವರು ಮಹಡಿಯ ಮೇಲೆ ಇಟ್ಟಿರಬಹುದು! ಒಂದೇ ಬೀದಿ, ಒಂದೇ ವರ್ಷ ಕಟ್ಟಿದ, ಒಂದೇ ನಕ್ಷೆಯ ಎರಡು ಮನೆಗಳಲ್ಲಿ ಹತ್ತು ಪಟ್ಟು ವ್ಯತ್ಯಾಸ ಕಂಡಿದ್ದೇನೆ. ಹಳೆಯ ಮನೆ, ಹೊಸ ಮನೆ ಅನ್ನುವ ಭೇದವೂ ಇಲ್ಲ. ಹೊಸದು, ಬಿಗಿಯಾಗಿದೆ, ಒಳಗೆ ಬರಲ್ಲ ಅನ್ನುತ್ತಾರೆ. ಬಿಗಿಯಾದ ಮನೆಯಲ್ಲಿ ಬಂದದ್ದು ಹೊರಗೂ ಹೋಗುವುದಿಲ್ಲ.

ಏರ್ ಪ್ಯೂರಿಫೈಯರ್ ಅನಿಲವನ್ನು ಹಿಡಿಯುವುದಿಲ್ಲ. ರೇಡಾನ್ ಒಡೆದಾಗ ಹುಟ್ಟುವ ಕಣಗಳಲ್ಲಿ ಧೂಳಿಗೆ ಅಂಟಿದವು ಫಿಲ್ಟರಿನಲ್ಲಿ ಸಿಗುತ್ತವೆ. ಆದರೆ ಧೂಳು ಕಡಿಮೆಯಾದಷ್ಟೂ ಹೊಸದಾಗಿ ಹುಟ್ಟಿದವು ಅಂಟಲು ಏನೂ ಸಿಗದೆ ಬಿಡಿಬಿಡಿಯಾಗಿ ತೇಲುತ್ತವೆ, ಅಂಥವು ಶ್ವಾಸನಾಳದ ಗೋಡೆಗೆ ಇನ್ನೂ ಸಲೀಸಾಗಿ ಅಂಟುತ್ತವೆ. ಧೂಳು, ಅಲರ್ಜಿಗೆ ಬೇಕಿದ್ದರೆ ಹಾಕಿಸಿಕೊಳ್ಳಿ. ರೇಡಾನಿಗೆ ಅದನ್ನು ನಾನು ಪರಿಹಾರದ ಪಟ್ಟಿಗೇ ಸೇರಿಸುವುದಿಲ್ಲ.

ತಲೆನೋವಿನ ಬಗ್ಗೆ ಸ್ವಲ್ಪ ಗಮನ ಕೊಟ್ಟು ಓದಿ. ರೇಡಾನಿನಿಂದ ತಲೆನೋವು ಬರುವುದಿಲ್ಲ. ಕೆಮ್ಮು, ಸುಸ್ತು, ಕಣ್ಣುರಿ, ಇಂಥ ಯಾವ ಲಕ್ಷಣವೂ ಅದಕ್ಕೆ ಇಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಮಲಗಿ ಎದ್ದ ಮಗುವಿಗೆ ಬೆಳಿಗ್ಗೆ ತಲೆನೋವು, ಹಗಲಾದಂತೆ ಕಡಿಮೆ ಅಂದರೆ ನಾನು ಮೊದಲು ಕೇಳುವುದು ಇನ್ನೊಂದು ಗಾಳಿಯ ಬಗ್ಗೆ. ನೆಲಮಾಳಿಗೆಯಲ್ಲಿ ಗ್ಯಾಸ್ ಗೀಸರ್, ಸೌದೆ ಅಥವಾ ಎಣ್ಣೆ ಉರಿಯುವ ಹೀಟರ್, ಬಾಯ್ಲರ್ ಏನಾದರೂ ಇದೆಯಾ? ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇವತ್ತೇ ಹಾಕಿ, ಆ ಉಪಕರಣವನ್ನು ತಿಳಿದವರಿಂದ ನೋಡಿಸಿ, ಅಲ್ಲಿಯವರೆಗೆ ಮಗ ಅಲ್ಲಿ ಮಲಗುವುದು ಬೇಡ. ರೇಡಾನಿನ ಅಪಾಯ ವರ್ಷಗಟ್ಟಲೆ ಕೂಡುವಂಥದ್ದು. ಕಾರ್ಬನ್ ಮೊನಾಕ್ಸೈಡ್ ಒಂದೇ ರಾತ್ರಿಯಲ್ಲಿ ಜೀವ ತೆಗೆಯುತ್ತದೆ. ಅಂಥದ್ದೇನೂ ಇಲ್ಲದಿದ್ದರೆ ವೈದ್ಯರಿಗೆ ತೋರಿಸಿ, ಕಣ್ಣು ಪರೀಕ್ಷೆ ಮಾಡಿಸಿ.

ಹಾಗಾದರೆ ಅಪಾಯ ನಿಜವಾಗಿ ಎಷ್ಟು?

ಉಸಿರಿನ ಜೊತೆ ಒಳಹೋದ ರೇಡಾನ್ ಬಹುಪಾಲು ಹಾಗೇ ವಾಪಸ್ ಬರುತ್ತದೆ. ತೊಂದರೆ ಕೊಡುವುದು ಅದರ ಮರಿಗಳು, ಪೊಲೋನಿಯಂ 218 ಮತ್ತು 214. ಇವು ಗಟ್ಟಿ ಕಣಗಳು. ಶ್ವಾಸನಾಳದ ಒಳಗೋಡೆಗೆ ಅಂಟಿ ಅಲ್ಲೇ ಒಡೆದು ಆಲ್ಫಾ ಕಣ ಅನ್ನುವ ವಿಕಿರಣದ ಗುಂಡು ಹೊಡೆಯುತ್ತವೆ. ಆಲ್ಫಾ ಕಣ ಮಾಂಸದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ದಾಟುವುದಿಲ್ಲ. ಚರ್ಮದ ಮೇಲೆ ಬಿದ್ದರೆ ಸತ್ತ ಪದರವೇ ತಡೆಯುತ್ತದೆ. ಆದರೆ ಶ್ವಾಸಕೋಶದಲ್ಲಿ ಅಂಥ ಪದರ ಇಲ್ಲ, ಜೀವಂತ ಕೋಶಗಳು ನೇರ ಎದುರಿಗೇ ಇರುತ್ತವೆ. ಹಾಗಾಗಿ ರೇಡಾನ್ ಅಂದರೆ ಶ್ವಾಸಕೋಶದ ಕ್ಯಾನ್ಸರ್. 1879ರಲ್ಲೇ ಜರ್ಮನಿಯ ಶ್ನೇಬರ್ಗ್ ಗಣಿ ಕೆಲಸಗಾರರ ಶ್ವಾಸಕೋಶದ ಕಾಯಿಲೆ ಒಂದು ಬಗೆಯ ಗಡ್ಡೆ ಅಂತ ವೈದ್ಯರು ಗುರುತಿಸಿದ್ದರು, ರೇಡಾನ್ ಅನ್ನುವುದು ಪತ್ತೆಯಾಗುವ ಮೊದಲೇ. 1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಸೇರಿಸಿತು.

ಗಣಿಯ ಮಾತು ಮನೆಗೆ ಅನ್ವಯಿಸುತ್ತದಾ ಅಂತ ಬಹಳ ವರ್ಷ ಚರ್ಚೆ ನಡೆದಿತ್ತು. ಅದಕ್ಕೆ ಗಟ್ಟಿ ಉತ್ತರ ಬಂದದ್ದು 2005ರಲ್ಲಿ, ಯುರೋಪಿನ 9 ದೇಶಗಳ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ. ಘನ ಮೀಟರಿಗೆ 100 ಬೆಕ್ವೆರೆಲ್ ಏರಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇ 16 ಏರುತ್ತದೆ. ಇದಕ್ಕಿಂತ ಕೆಳಗೆ ಏನೂ ಆಗಲ್ಲ ಅನ್ನುವ ಗೆರೆ ಅಲ್ಲಿ ಕಾಣಲಿಲ್ಲ.

ಶೇ 16 ಅಂದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಯಾವುದರ ಮೇಲೆ ಶೇ 16 ಅನ್ನುವುದು ಮುಖ್ಯ. ಅದೇ ಅಧ್ಯಯನದ ಲೆಕ್ಕ ತಲೆ ಎಣಿಸಿ ಹೇಳುತ್ತೇನೆ. ಜೀವನದಲ್ಲಿ ಸಿಗರೇಟ್ ಮುಟ್ಟದ ಸಾವಿರ ಜನ ಇದ್ದಾರೆ ಅಂದುಕೊಳ್ಳಿ. ರೇಡಾನ್ ಇಲ್ಲವೇ ಇಲ್ಲ ಅಂದರೂ 75 ವರ್ಷದೊಳಗೆ ಅವರಲ್ಲಿ ಸುಮಾರು 4 ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. 100 ಬೆಕ್ವೆರೆಲ್ ಇರುವ ಮನೆಗಳಲ್ಲಿ ಇದ್ದರೆ 5. 400 ಇದ್ದರೆ 7. ಈಗ ಸಿಗರೇಟ್ ಸೇದುವ ಸಾವಿರ ಜನರನ್ನು ತೆಗೆದುಕೊಳ್ಳಿ. ರೇಡಾನ್ ಇಲ್ಲದಿದ್ದರೆ 100. 100 ಬೆಕ್ವೆರೆಲ್ ಇದ್ದರೆ 120. 400 ಇದ್ದರೆ 160.

ನಾನು ಆಗಲೇ ಹೇಳಿದ ಸಾಲು ಇದೇ. 'ಸೇದುತ್ತಾರೆ, ಆದರೆ ಹೊರಗೆ ಹೋಗಿ ಸೇದುತ್ತಾರೆ.' ಹೊರಗೆ ಸೇದಿದರೆ ಮಗನ ಕೋಣೆಗೆ ಹೊಗೆ ಬರುವುದಿಲ್ಲ, ಒಳ್ಳೆಯದೇ. ಆದರೆ ಅವರ ಶ್ವಾಸಕೋಶ ಒಳಗೇ ಬರುತ್ತದಲ್ಲ. ಸೇದಿ ಬಂದು ದಿನವಿಡೀ ಅದೇ ನೆಲಮಾಳಿಗೆಯಲ್ಲಿ ಕೂರುತ್ತಾರೆ. ನಿಮ್ಮ ಮನೆಯಲ್ಲಿ ರೇಡಾನಿನಿಂದ ಅತಿ ಹೆಚ್ಚು ಅಪಾಯ ಇರುವುದು ನೀವು ನಿದ್ದೆಗೆಟ್ಟು ಚಿಂತೆ ಮಾಡುತ್ತಿರುವ ಮಗನಿಗಲ್ಲ, ನಿಮ್ಮ ಯಜಮಾನರಿಗೆ. ಮಕ್ಕಳಿಗೆ ದೊಡ್ಡವರಿಗಿಂತ ಜಾಸ್ತಿ ಹಾನಿ ಅಂತ ರೇಡಾನಿನ ವಿಷಯದಲ್ಲಿ ಸಾಬೀತಾಗಿಲ್ಲ. ಮುಂದೆ ಉಸಿರಾಡಬೇಕಾದ ವರ್ಷಗಳು ಅವರಿಗೆ ಜಾಸ್ತಿ, ಅದಕ್ಕೇ ಬೇಗ ಸರಿಮಾಡುವುದು ಒಳ್ಳೆಯದು. ನಾಳೆ ಬೆಳಿಗ್ಗೆ ಯಾವುದೋ ಮಾಯದಿಂದ ಮನೆಯ ರೇಡಾನ್ ಸೊನ್ನೆಯಾದರೂ ನಿಮ್ಮ ಯಜಮಾನರ ಲೆಕ್ಕದಲ್ಲಿ ಸಿಗರೇಟಿನ ಪಾಲು ಹಾಗೇ ಉಳಿಯುತ್ತದೆ. ಬೈಯಲು ಹೇಳುತ್ತಿಲ್ಲ. ಈ ಎರಡು ಸಾವಿರ ಜನರ ಲೆಕ್ಕ ಅವರಿಗೂ ಓದಲು ಕೊಡಿ, ಸಾಕು.

ಅಂಕಿ ದೊಡ್ಡದಾದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಘಟನೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನುವ ಎಂಜಿನಿಯರ್ ಆಗ ಕಟ್ಟುತ್ತಿದ್ದ ಲಿಮರಿಕ್ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದರು. 1984ರ ಡಿಸೆಂಬರಿನಲ್ಲಿ ಅಲ್ಲಿನ ವಿಕಿರಣ ತಪಾಸಣೆಯ ಯಂತ್ರ ಅವರನ್ನು ಕಂಡರೆ ಕೂಗಿಕೊಳ್ಳತೊಡಗಿತು. ಸ್ಥಾವರ ಇನ್ನೂ ವಿದ್ಯುತ್ ತಯಾರಿಸಲು ಶುರು ಮಾಡಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಒಳಬರುವಾಗಲೇ ಯಂತ್ರ ಕೂಗುತ್ತಿತ್ತು. ಮನೆಯಿಂದಲೇ ಬಟ್ಟೆಯ ಮೇಲೆ ಅಂಟಿಸಿಕೊಂಡು ಬರುತ್ತಿದ್ದರು! ಮನೆ ಅಳೆದರೆ ಘನ ಮೀಟರಿಗೆ ಸುಮಾರು 1 ಲಕ್ಷ ಬೆಕ್ವೆರೆಲ್. ನಿಮ್ಮ 140ರ ಏಳುನೂರು ಪಟ್ಟು. ಮನೆಯ ರೇಡಾನ್ ಜನರ ಬಾಯಿಗೆ ಬಂದದ್ದೇ ಆಗ. ಆ ಕುಟುಂಬ ಮನೆ ಬಿಟ್ಟಿತು ನಿಜ, ಆದರೆ ಕೆಲವು ತಿಂಗಳ ನಂತರ ಮನೆ ಸರಿಮಾಡಿಸಿ ವಾಪಸ್ ಬಂತು. ಮನೆ ಬದಲಿಸಬೇಕಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ ಇದರಲ್ಲೇ ಇದೆ.

ಅಳೆಯುವುದು ಹೇಗೆ

ಮೊದಲು ಮಾನಿಟರನ್ನು ಕಿಟಕಿ ಕಟ್ಟೆಯಿಂದ ಎತ್ತಿ. ಕಿಟಕಿಯ ಸಂದಿನ ಗಾಳಿ ತಾಗಿದರೆ ಅಂಕಿ ಕಡಿಮೆ ಬರುತ್ತದೆ. ಅಂದರೆ ನಿಮ್ಮ 140 ನಿಜವಾಗಿ ಇನ್ನೂ ಜಾಸ್ತಿಯೇ ಇರಬಹುದು. ಹೊರಗೋಡೆಗೆ ಒರಗಿಸಬೇಡಿ, ಬಿಸಿಲು, ಹೀಟರ್, ಫ್ಯಾನಿನ ಗಾಳಿ ತಾಗಬಾರದು, ಸ್ನಾನದ ಮನೆ, ಅಡುಗೆಮನೆ ಬೇಡ. ಕೂತವರ ಅಥವಾ ಮಲಗಿದವರ ಮೂಗಿನ ಎತ್ತರಕ್ಕೆ, ಸುತ್ತ ಒಂದು ಗೇಣು ಜಾಗ ಬಿಟ್ಟು ಇಡಿ. ಮೂರು ತಿಂಗಳು ಇಟ್ಟ ಡಿಟೆಕ್ಟರನ್ನು ತರಲು ಹೋದಾಗ ಅದು ಚಪ್ಪಲಿ ಕಪಾಟಿನೊಳಗೆ, ಶೂ ಒಂದರಲ್ಲಿ ಸಿಕ್ಕಿದ್ದಿದೆ. ಮನೆಗೆಲಸ ಮಾಡುವಾಗ ಅಡ್ಡ ಬರುತ್ತಿತ್ತಂತೆ. ಆ ಶೂವಿನ ರೇಡಾನ್ ಎಷ್ಟು ಅಂತ ನಿಖರವಾಗಿ ಗೊತ್ತಾಯಿತು.

ಪರೀಕ್ಷೆಯಲ್ಲಿ ಎರಡು ಬಗೆ. ಎರಡರಿಂದ ಏಳು ದಿನದ ಚಿಕ್ಕ ಪರೀಕ್ಷೆಗೆ ಸಾಮಾನ್ಯವಾಗಿ ಇದ್ದಿಲು ತುಂಬಿದ ಡಬ್ಬಿ ಇಡುತ್ತಾರೆ. ಇದ್ದಿಲು ರೇಡಾನನ್ನು ಹೀರುತ್ತದೆ, ಪ್ರಯೋಗಾಲಯದಲ್ಲಿ ಅದನ್ನು ಎಣಿಸುತ್ತಾರೆ. ಶುರುಮಾಡುವ 12 ಗಂಟೆ ಮೊದಲಿನಿಂದ ಮುಗಿಯುವವರೆಗೆ ಕಿಟಕಿಗಳು ಮುಚ್ಚಿರಬೇಕು, ಬಾಗಿಲು ಓಡಾಟಕ್ಕೆ ಮಾತ್ರ. ಮುಗಿದ ಕೂಡಲೇ ಡಬ್ಬಿ ಕಳಿಸಬೇಕು. ನಾಲ್ಕು ದಿನ ಮೇಜಿನ ಮೇಲೆ ಬಿಟ್ಟರೆ ಒಳಗಿದ್ದದ್ದರಲ್ಲಿ ಅರ್ಧ ಒಡೆದು ಹೋಗಿರುತ್ತದೆ. ಈ ಪರೀಕ್ಷೆ ಅವಸರಕ್ಕೆ ಸರಿ, ಮನೆ ಕೊಳ್ಳುವಾಗ, ಮಾರುವಾಗ. ನಿರ್ಧಾರಕ್ಕೆ ನಾನು ನಂಬುವುದು ಮೂರು ತಿಂಗಳಿಂದ ಒಂದು ವರ್ಷದ ಪರೀಕ್ಷೆಯನ್ನೇ. ಅದರಲ್ಲಿ ಒಂದು ಉಗುರಿನಷ್ಟು ಪ್ಲಾಸ್ಟಿಕ್ ಚೂರು ಇರುತ್ತದೆ. ಆಲ್ಫಾ ಕಣ ಬಡಿದಲ್ಲೆಲ್ಲ ಕಣ್ಣಿಗೆ ಕಾಣದ ಗಾಯ. ಪ್ರಯೋಗಾಲಯದಲ್ಲಿ ಕ್ಷಾರದ ದ್ರಾವಣದಲ್ಲಿ ನೆನೆಸಿದರೆ ಗಾಯ ದೊಡ್ಡದಾಗಿ ಕುಳಿಯಾಗುತ್ತದೆ, ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಬ್ಯಾಟರಿ ಇಲ್ಲ, ಸದ್ದಿಲ್ಲ. ದಿನಾ ನೋಡಿ ಹೆದರಲು ಪರದೆಯೂ ಇಲ್ಲ, ಅದು ಇದರ ದೊಡ್ಡ ಗುಣ ಅಂತ ನನ್ನ ಅಭಿಪ್ರಾಯ. ಇದಕ್ಕೆ ಕಿಟಕಿ ಮುಚ್ಚಿ ಕೂರಬೇಕಿಲ್ಲ. ಎಂದಿನ ಹಾಗೆ ಬದುಕಿ. ಚಳಿಗಾಲ ಸೇರಿದರೆ ಒಳ್ಳೆಯದು. ಒಂದು ಮಗನ ಕೋಣೆಯಲ್ಲಿ, ಒಂದು ಆಫೀಸಿನಲ್ಲಿ, ಒಂದು ಮಹಡಿಯ ಮಲಗುವ ಕೋಣೆಯಲ್ಲಿ ಇಡಿ. ಡಿಜಿಟಲ್ ಮಾನಿಟರ್ ಒಂದರ ಪಕ್ಕದಲ್ಲೇ ಇರಲಿ, ಅದು ಸರಿ ಹೇಳುತ್ತಿದೆಯಾ ಅಂತಲೂ ಗೊತ್ತಾಗುತ್ತದೆ.

ಬಂದ ಫಲಿತಾಂಶ ಓದುವಾಗ ಯೂನಿಟ್ ನೋಡಿಕೊಳ್ಳಿ. ಅಮೆರಿಕದ ಕಡೆಯ ಯಂತ್ರಗಳು ಪಿಕೋಕ್ಯೂರಿ ಲೆಕ್ಕದಲ್ಲಿ ಹೇಳುತ್ತವೆ. ಲೀಟರಿಗೆ 1 ಪಿಕೋಕ್ಯೂರಿ ಅಂದರೆ ಘನ ಮೀಟರಿಗೆ 37 ಬೆಕ್ವೆರೆಲ್. '4 ಬಂತು, ಏನೂ ಇಲ್ಲ' ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಆ 4 ಅಂದರೆ 148, ಅಲ್ಲಿ ಮನೆ ಸರಿಮಾಡಿಸಿ ಅಂತ ಹೇಳುವ ಮಟ್ಟವೇ ಅದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಗುರಿ 100, ಅದು ಆಗದ ಕಡೆ 300 ದಾಟಬಾರದು. ಕೆನಡಾ, ಬ್ರಿಟನ್ 200 ಅನ್ನುತ್ತವೆ. ಯುರೋಪಿಯನ್ ಒಕ್ಕೂಟದ ಮೇಲ್ಮಿತಿ 300. ಇಷ್ಟು ಬೇರೆ ಬೇರೆ ಯಾಕೆ ಅಂದರೆ ಇವು ಸುರಕ್ಷಿತ, ಅಪಾಯ ಅಂತ ಕತ್ತರಿಸಿದ ಗೆರೆಗಳಲ್ಲ. ಎಲ್ಲಿಂದಾಚೆ ದುಡ್ಡು ಖರ್ಚು ಮಾಡುವುದು ಸರಿ ಅನ್ನುವ ಒಪ್ಪಂದಗಳು. 99ರಲ್ಲಿ ಏನೂ ಬದಲಾಗುವುದಿಲ್ಲ, 101ರಲ್ಲೂ ಇಲ್ಲ.

ನನ್ನ ರೂಢಿ ಹೀಗೆ. ದೀರ್ಘ ಸರಾಸರಿ 100ರ ಕೆಳಗಿದ್ದರೆ ಬಿಟ್ಟುಬಿಡಿ, ಮನೆಯಲ್ಲಿ ದೊಡ್ಡ ರಿಪೇರಿ ಮಾಡಿಸಿದಾಗ ಮತ್ತೆ ಅಳೆಯಿರಿ. 100ರಿಂದ 300ರ ನಡುವೆ ಇದ್ದರೆ ಅವಸರ ಇಲ್ಲ, ಆದರೆ ಆ ವರ್ಷವೇ ಸರಿಮಾಡಿಸಿ, ಸೇದುವವರಿದ್ದರೆ ಇನ್ನೂ ಬೇಗ. 300 ದಾಟಿದರೆ ತಿಂಗಳುಗಳ ಮಾತು. ಸಾವಿರ ದಾಟಿದರೆ ಎರಡನೇ ಪರೀಕ್ಷೆಗೆ ಮೂರು ತಿಂಗಳು ಕಾಯಬೇಡಿ.

ಸರಿಮಾಡಿಸುವುದು

ಕಿಟಕಿ ತೆರೆದರೆ ಇಳಿಯುತ್ತದೆ, ಮುಚ್ಚಿದರೆ ಅರ್ಧ ದಿನದಲ್ಲಿ ಮತ್ತೆ ಏರುತ್ತದೆ. ತಾತ್ಕಾಲಿಕಕ್ಕೆ ಸರಿ. ತೆರೆಯುವುದಾದರೆ ಕೆಳ ಅಂತಸ್ತಿನದ್ದನ್ನು ತೆರೆಯಿರಿ. ಮೇಲಿನ ಕಿಟಕಿ ಮಾತ್ರ ತೆರೆದರೆ, ಅಥವಾ ಗಾಳಿ ಹೊರಹಾಕುವ ಎಕ್ಸಾಸ್ಟ್ ಫ್ಯಾನ್ ಹಾಕಿದರೆ, ಮನೆ ಕೆಳಗಿನಿಂದ ಇನ್ನೂ ಜೋರಾಗಿ ಎಳೆದುಕೊಳ್ಳುವ ಸಾಧ್ಯತೆ ಇದೆ. ಒಳ್ಳೆಯದು ಮಾಡಲು ಹೋಗಿ ಕೆಡಿಸಿಕೊಂಡ ಹಾಗಾಗುತ್ತದೆ.

ಬಿರುಕು ಮುಚ್ಚುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮುಚ್ಚಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಹತ್ತು ಬಿರುಕು ಮುಚ್ಚಿದರೆ ಅನಿಲ ಹನ್ನೊಂದನೆಯದನ್ನು ಹುಡುಕುತ್ತದೆ. ಗೋಡೆಯೊಳಗಿನ ಸಂದು ನಿಮಗೆ ಕಾಣುವುದೇ ಇಲ್ಲ. ಮನೆ ವರ್ಷ ವರ್ಷ ಚೂರು ಚೂರು ಕುಗ್ಗಿ ಹೊಸ ಬಿರುಕು ಬಿಡುತ್ತದೆ.

ನಿಜವಾಗಿ ಕೆಲಸ ಮಾಡುವ ಉಪಾಯ ಎಳೆತವನ್ನೇ ತಿರುಗಿಸುವುದು. ನೆಲದ ಕಾಂಕ್ರೀಟಿಗೆ ಒಂದು ತೂತು ಕೊರೆದು, ಅಡಿಯಲ್ಲಿ ಒಂದೆರಡು ಬಕೆಟ್ ಮಣ್ಣು ತೆಗೆದು ಗುಂಡಿ ಮಾಡುತ್ತಾರೆ. ಅದರೊಳಗೆ ಸುಮಾರು 10 ಸೆಂಟಿಮೀಟರ್ ಅಗಲದ ಪಿವಿಸಿ ಪೈಪು ಇಳಿಸಿ, ಅದನ್ನು ಮೇಲಕ್ಕೆ ಒಯ್ದು ಚಾವಣಿಯ ಆಚೆ ಬಿಡುತ್ತಾರೆ. ದಾರಿಯಲ್ಲಿ ಒಂದು ಫ್ಯಾನು, ಹಗಲು ರಾತ್ರಿ ಓಡುತ್ತಿರಬೇಕು. ಮನೆಯಡಿಯ ಮಣ್ಣಿನ ಗಾಳಿಯನ್ನು ಮನೆ ಎಳೆದುಕೊಳ್ಳುವ ಮೊದಲೇ ಪೈಪು ಎಳೆದುಕೊಳ್ಳುತ್ತದೆ. ಚೆನ್ನಾಗಿ ಕೂರಿಸಿದರೆ ಹತ್ತರಲ್ಲಿ ಒಂಬತ್ತು ಪಾಲು ಇಳಿಯುವುದು ಅಪರೂಪವಲ್ಲ. ಹಿಂದೆ ಹೇಳಿದ ಮನೆಯಲ್ಲಿ ಫ್ಯಾನ್ ಶುರುಮಾಡಿ ಅದೇ ಬಿರುಕಿಗೆ ಹೊಗೆ ಹಿಡಿದೆ. ಈ ಸಲ ದಾರದ ಹಾಗೆ ಎಳೆದುಕೊಂಡು ಬಿರುಕಿನೊಳಗೆ ಇಳಿಯಿತು.

ಇದರಲ್ಲೂ ಎಡವಟ್ಟು ಮಾಡುವವರಿದ್ದಾರೆ, ಹಾಗಾಗಿ ಕೆಲವು ವಿಷಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಫ್ಯಾನು ವಾಸದ ಕೋಣೆಗಳ ಒಳಗೆ ಇರಬಾರದು. ಫ್ಯಾನಿನ ಮುಂದಿನ ಪೈಪಿನಲ್ಲಿ ಗಾಳಿ ಹೊರಕ್ಕೆ ಒತ್ತುತ್ತಿರುತ್ತದೆ, ಅಲ್ಲಿ ಜೋಡಣೆ ಸೋರಿದರೆ ಮಣ್ಣಿನ ಗಾಳಿಯನ್ನೇ ಪಂಪು ಹಾಕಿ ಮನೆಗೆ ತುಂಬಿದ ಹಾಗೆ. ಪೈಪಿನ ಬಾಯಿ ಯಾವ ಕಿಟಕಿಯ ಹತ್ತಿರವೂ ಇರಬಾರದು, ನಿಮ್ಮದೂ ಅಲ್ಲ, ಪಕ್ಕದವರದೂ ಅಲ್ಲ. ನೆಲದ ಬಿರುಕುಗಳನ್ನು ಮುಚ್ಚದೆ ಫ್ಯಾನ್ ಹಾಕಿದರೆ ಅದು ಒಳಗಿನ ಬೆಚ್ಚನೆ ಗಾಳಿಯನ್ನೇ ಹೀರಿ ದಂಡ ಮಾಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಒಳಗೆ ಬೆಂಕಿ ಉರಿಯುವ ಗೀಸರ್ ಇದ್ದರೆ ಅದರ ಹೊಗೆಯನ್ನು ಮನೆಯೊಳಕ್ಕೆ ವಾಪಸ್ ಎಳೆಯಬಹುದು. ಆಗ ಮತ್ತೆ ಕಾರ್ಬನ್ ಮೊನಾಕ್ಸೈಡಿನ ಮಾತು ಬಂತು. ಪೈಪಿನ ಮೇಲೆ ಬಣ್ಣದ ನೀರಿರುವ 'ಯು' ಆಕಾರದ ಸಣ್ಣ ಗಾಜಿನ ಕೊಳವೆ ಹಾಕಿಸಿಕೊಳ್ಳಿ. ಎರಡು ಕಡೆ ನೀರು ಏರುಪೇರಾಗಿದ್ದರೆ ಎಳೆತ ಇದೆ. ಸಮ ಆದ ದಿನ ಫ್ಯಾನ್ ಕೈಕೊಟ್ಟಿದೆ. ಕೆಲಸ ಮುಗಿದ ಮೇಲೆ ಪರೀಕ್ಷೆಯನ್ನು ಫ್ಯಾನ್ ಹಾಕಿದವರೇ ಮಾಡುವುದು ಬೇಡ, ನೀವೇ ಡಿಟೆಕ್ಟರ್ ಇಡಿ.

ಗಾಳಿ ಬದಲಿಸುವ ವ್ಯವಸ್ಥೆ, ಅಂದರೆ ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ಕೊಡುವ ಯಂತ್ರ, ಅಂಕಿ ತೀರಾ ಹೆಚ್ಚಿಲ್ಲದ ಮನೆಗೆ ಒಂದು ದಾರಿ. ಅರ್ಧದಷ್ಟು ಇಳಿದರೆ ಸಮಾಧಾನ ಪಡಬೇಕು. ನಿಮ್ಮದು 140ರಲ್ಲೇ ನಿಂತರೆ ಅದನ್ನೂ ಯೋಚಿಸಬಹುದು, ಗಾಳಿ ಶುದ್ಧವಾಗುವ ಲಾಭವೂ ಇದೆ. ಮನೆಗೆ ಬೋರ್‌ವೆಲ್ ನೀರಾದರೆ ಅದರಿಂದಲೂ ಸ್ವಲ್ಪ ಬರುತ್ತದೆ, ಮುಖ್ಯವಾಗಿ ಸ್ನಾನ ಮಾಡುವಾಗ. ಆದರೆ ನೀರಿನಲ್ಲಿ ಇರುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮನೆಯ ಗಾಳಿಗೆ ಕೂಡುತ್ತದೆ ಅಂತ ಲೆಕ್ಕ. ಹಾಗಾಗಿ ಮೊದಲು ಗಾಳಿ ಅಳೆದು, ಮಣ್ಣಿನ ದಾರಿ ಮುಚ್ಚಿ, ಆಮೇಲೂ ಇಳಿಯದಿದ್ದರೆ ಮಾತ್ರ ನೀರಿನ ಕಡೆ ನೋಡಿ.

ಅಲ್ಲಿಯವರೆಗೆ ದುಡ್ಡಿಲ್ಲದೆ ಆಗುವ ಕೆಲಸ ಒಂದಿದೆ: ಮಗನ ಹಾಸಿಗೆಯನ್ನು ಮಹಡಿಗೆ ಸಾಗಿಸಿ, ಆಫೀಸಿನ ಮೇಜನ್ನೂ. ಹಾಸಿಗೆಗೆ ನೀವು ತಕ್ಷಣ ಒಪ್ಪುತ್ತೀರಿ ಅಂತ ಗೊತ್ತು. ಮೇಜಿಗಾಗಿ ಸ್ವಲ್ಪ ಜಗಳವಾಡಬೇಕಾಗಬಹುದು, ಆಡಿ. ಡಿಟೆಕ್ಟರ್ ಇಟ್ಟ ತಾರೀಖನ್ನು ಅದರ ಬೆನ್ನ ಮೇಲೆ ಪೆನ್ನಿನಲ್ಲಿ ಬರೆದಿಡಿ, ಮೂರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಮೂರು ಅಂಕಿಗಳು ಬಂದ ಮೇಲೆ ನನಗೆ ಬರೆಯಿರಿ, ಜೊತೆಗೆ ನೆಲದ ಅಂಚಿನ ಮತ್ತು ಒಸರು ಗುಂಡಿಯ ಒಂದೆರಡು ಫೋಟೋ ಕಳಿಸಿ. ಪೈಪು ಎಲ್ಲಿ ಇಳಿಸಬೇಕು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.